ಮೂರು ತುಂಬದ ಕೂಸು ಯಾರ ಲೆಕ್ಕದಲ್ಲಿದೆ?

2024ರ ಜೂನ್‌ನಲ್ಲಿ ನಮ್ಮ ಭಾಗದಲ್ಲಿ ಒಂದು ಜಗಳ ಜೋರಾಗಿ ನಡೆಯಿತು. ಕಲ್ಯಾಣ ಕರ್ನಾಟಕದ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡುವುದಾಗಿ ಸರ್ಕಾರ ಹೇಳಿತು. ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯೋದು ಯಾರು ಅನ್ನೋದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಇತ್ತ ತಂದೆ ತಾಯಿಗಳದ್ದೂ ತಪ್ಪಿಲ್ಲ. ಖಾಸಗಿ ಶಾಲೆಯ ವ್ಯಾನು ಊರೊಳಗೇ ಬಂದು ನಿಲ್ಲುವಾಗ ತಮ್ಮ ಮಗುವಿಗೂ ಒಂದು ಎಲ್‌ಕೆಜಿ ಇರಲಿ ಅಂತ ಯಾರಿಗಾದರೂ ಅನಿಸುತ್ತದೆ.

ಆದರೆ ಈ ಜಗಳದ ಮಾತೆಲ್ಲ ನಡೆದದ್ದು ನಾಲ್ಕೈದು ವರ್ಷದ ಮಗುವಿನ ಬಗ್ಗೆ. ಎಂಟು ತಿಂಗಳ ಕೂಸು, ಒಂದೂವರೆ ವರ್ಷದ ಕೂಸು ಅದರಲ್ಲಿ ಎಲ್ಲೂ ಬರಲಿಲ್ಲ. ನಲವತ್ತು ವರ್ಷಗಳಿಂದ ಬೇರೆ ಬೇರೆ ದೇಶಗಳಲ್ಲಿ ನಡೆದಿರುವ ಕೆಲಸವನ್ನು ನೋಡಿದರೆ ಮೊದಲು ಗಮನ ಸಿಗಬೇಕಾದದ್ದು ಆ ಸಣ್ಣ ಕೂಸಿಗೇ. ಅದರ ಜೊತೆಗೆ, ಅದನ್ನು ಸಾಕುತ್ತಿರುವ ತಾಯಿಗೆ.

ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1986–87ರಲ್ಲಿ ಒಂದು ಅಧ್ಯಯನ ಶುರುವಾಯಿತು. ಮಾಡಿದವರು ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್, ಸೂಸನ್ ವಾಕರ್ ಮತ್ತು ಅವರ ಜೊತೆಗಾರರು. ಅಲ್ಲಿನ ಬಡ ಬಡಾವಣೆಗಳಿಂದ 9ರಿಂದ 24 ತಿಂಗಳ 129 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು. ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿಯ ಆಹಾರ. ಇನ್ನೊಂದು ಗುಂಪಿನ ಮನೆಗಳಿಗೆ ವಾರಕ್ಕೊಮ್ಮೆ ಒಬ್ಬ ಆರೋಗ್ಯ ಕಾರ್ಯಕರ್ತೆ ಬಂದು, ಒಂದು ಗಂಟೆ ಕೂತು, ತಾಯಿಗೆ ಮಗುವಿನ ಜೊತೆ ಆಡೋದನ್ನು ತೋರಿಸುತ್ತಿದ್ದಳು. ಮೂರನೆಯ ಗುಂಪಿಗೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಹೀಗೆ ಎರಡು ವರ್ಷ ನಡೆಯಿತು.

ಆ ಕಾರ್ಯಕರ್ತೆಯರು ನಮ್ಮ ಆಶಾ, ಅಂಗನವಾಡಿ ಹೆಣ್ಣುಮಕ್ಕಳ ಹಾಗೆಯೇ. ಕೈಚೀಲದಲ್ಲಿ ಅವರು ತರುತ್ತಿದ್ದದ್ದು ಕೈಯಲ್ಲೇ ಮಾಡಿದ ಆಟಿಕೆ. ಖಾಲಿ ಪ್ಲಾಸ್ಟಿಕ್ ಬಾಟಲಿ, ಕಟ್ಟಿಗೆ ತುಂಡು, ಕೈಯಲ್ಲಿ ಬರೆದ ಚಿತ್ರದ ಪುಸ್ತಕ. ಆಟಿಕೆಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು, ಮುಂದಿನ ವಾರ ಬೇರೆಯದನ್ನು ತರುತ್ತಿದ್ದರು. ಮಗುವಿನ ಜೊತೆ ಮಾತಾಡು, ಅದು ತೋರಿಸಿದ್ದಕ್ಕೆ ಹೆಸರು ಹೇಳು, ಚೆನ್ನಾಗಿ ಮಾಡಿದಾಗ ಮೆಚ್ಚು. ಅವರು ಕಲಿಸಿದ್ದು ಇಷ್ಟೇ.

ಎರಡು ವರ್ಷ ಮುಗಿದಾಗ ಆಹಾರ ಪಡೆದವರೂ ಸುಧಾರಿಸಿದ್ದರು, ಆಟ ಪಡೆದವರೂ ಸುಧಾರಿಸಿದ್ದರು. ಎರಡೂ ಸಿಕ್ಕ ಮಕ್ಕಳು ಎಲ್ಲರಿಗಿಂತ ಮುಂದಿದ್ದರು. ಆಮೇಲಿನದು ಇನ್ನೂ ಮುಖ್ಯ. ಸಂಶೋಧಕರು ಆ ಮಕ್ಕಳನ್ನು ಅಷ್ಟಕ್ಕೇ ಬಿಡಲಿಲ್ಲ. ಅವರು ಬೆಳೆದ ಹಾಗೆ ಮತ್ತೆ ಮತ್ತೆ ಹುಡುಕಿಕೊಂಡು ಹೋದರು. ಬರೀ ಆಹಾರ ಸಿಕ್ಕವರ ಲಾಭ ಉಳಿದಿರಲಿಲ್ಲ. ಆಟ ಸಿಕ್ಕವರಲ್ಲಿ ಉಳಿದಿತ್ತು. ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ ಅವರಲ್ಲಿ ಆತಂಕ, ಖಿನ್ನತೆ ಕಡಿಮೆಯಿತ್ತು. ಇಪ್ಪತ್ತೆರಡರ ಹೊತ್ತಿಗೆ ಹೊಡೆದಾಟ ಬಡಿದಾಟವೂ ಕಡಿಮೆ ಕಂಡಿತು. ಇಪ್ಪತ್ತು ವರ್ಷದ ನಂತರ ನೋಡಿದಾಗ ಅವರ ದುಡಿಮೆ, ಆಟ ಸಿಗದವರಿಗಿಂತ ಶೇ 25ರಷ್ಟು ಜಾಸ್ತಿ ಇತ್ತು. ಒಂದೂವರೆ ವರ್ಷದ ಕೂಸಿನ ಮುಂದೆ ಒಬ್ಬರು ಬಾಟಲಿ ಉರುಳಿಸಿದ್ದಕ್ಕೂ, ಹದಿನೆಂಟು ವರ್ಷದ ಹುಡುಗಿಯ ಮನಸ್ಸು ಹಗುರವಾಗಿರುವುದಕ್ಕೂ ಸಂಬಂಧ ಇದೆ ಅಂದರೆ ಮೊದಲಿಗೆ ನಂಬೋಕೇ ಆಗುವುದಿಲ್ಲ. ನಾನಂತೂ ಎರಡು ಸಲ ಓದಿದೆ.

ಯಾದಗಿರಿಯಲ್ಲಿ ಕೂತು ಇದನ್ನು ಓದುವಾಗ ಆ 129 ಮಕ್ಕಳು ಬೇರೆ ದೇಶದವರು ಅನಿಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಯಾದಗಿರಿ ಜಿಲ್ಲೆಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಅಂದರೆ ಶಹಾಪುರದ್ದೋ ಸುರಪುರದ್ದೋ ಒಂದು ಓಣಿಯಲ್ಲಿ ಆಡುತ್ತಿರುವ ಇಬ್ಬರು ಸಣ್ಣ ಮಕ್ಕಳಲ್ಲಿ ಒಬ್ಬರು, ಕಿಂಗ್‌ಸ್ಟನ್ನಿನ ಆ ಅಧ್ಯಯನಕ್ಕೆ ಆರಿಸಬಹುದಾಗಿದ್ದ ಮಗುವೇ. ಎತ್ತರ ಇಲ್ಲಿ ಬರೀ ಒಂದು ಗುರುತು. ಎಲುಬು ಬೆಳೆಯೋಕೆ ಬೇಕಾದ್ದು ಸಿಗದ ಮಗುವಿಗೆ ಮಿದುಳು ಬೆಳೆಯೋಕೆ ಬೇಕಾದ್ದೂ ಎಷ್ಟೋ ಸಲ ಸಿಕ್ಕಿರುವುದಿಲ್ಲ.

ಆಹಾರದ ಬಗ್ಗೆ ನಾವು ಏನೂ ಮಾಡಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ತಿ.ನರಸೀಪುರದಲ್ಲಿ. 2013ರಿಂದ ಕ್ಷೀರಭಾಗ್ಯದ ಹಾಲು ಬಂತು. 2017ರಿಂದ ಮಾತೃಪೂರ್ಣ ಬಂತು, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿಯೂ ಸೇರಿದಂತೆ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಶುರುವಾಯಿತು. ಯಾದಗಿರಿಯ ಮಕ್ಕಳನ್ನು ಆಗ ಮೊಟ್ಟೆ ಸಿಗದಿದ್ದ ಗದಗಿನ ಮಕ್ಕಳ ಜೊತೆ ಹೋಲಿಸಿ ನೋಡಿದಾಗ ಯಾದಗಿರಿಯವರ ತೂಕ ಚೆನ್ನಾಗಿ ಏರಿತ್ತು. ಇದೆಲ್ಲ ಬೇಕು, ಇನ್ನೂ ಜಾಸ್ತಿ ಬೇಕು. ಆದರೆ ಇದು ಕಿಂಗ್‌ಸ್ಟನ್ನಿನ ಮೊದಲ ಗುಂಪಿನ ಕೆಲಸ. ಎರಡನೆಯ ಗುಂಪಿನ ಕೆಲಸ ನಮ್ಮಲ್ಲಿ ಯಾರ ಕೈಯಲ್ಲಿದೆ?

ಕೂಸಿನ ಜೊತೆ ಮಾತಾಡಬೇಕು ಅಂದರೆ ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಕೇಳುವುದು ಒಂದೇ ಮಾತು: "ಅದಕ್ಕೇನ್ ತಿಳೀತದ್ರೀ?" ಕೇಳುವುದರಲ್ಲಿ ತಪ್ಪೇನಿಲ್ಲ, ಮಾತಾಡದ ಜೀವದ ಜೊತೆ ಏನು ಮಾತು ಅನ್ನೋದು ಸಹಜ. ಆದರೆ ಮಗು ಮಾತು ಕಲಿಯುವುದಕ್ಕೆ ಎಷ್ಟೋ ತಿಂಗಳು ಮೊದಲಿನಿಂದಲೇ ಮಾತಿನ ಸರದಿಯನ್ನು ಕಲಿಯುತ್ತಿರುತ್ತದೆ. ಅದು 'ಊಂ' ಅನ್ನುತ್ತದೆ, ಎದುರಿಗಿದ್ದವರು 'ಊಂ, ಏನಪ್ಪಾ' ಅನ್ನುತ್ತಾರೆ. ಅದು ಮತ್ತೆ ಕಾಲು ಬಡಿಯುತ್ತದೆ. ಇಂಥ ಕೊಟ್ಟು ತೆಗೆದುಕೊಳ್ಳುವ ಆಟದಲ್ಲೇ ಮಿದುಳಿನ ನರಗಳ ನಡುವೆ ಹೊಸ ಕೊಂಡಿಗಳು ಬೀಳುತ್ತವೆ. ಎದುರಿನಿಂದ ಉತ್ತರವೇ ಬಾರದೆ ಹೋದರೆ ಮಗು ಸ್ವಲ್ಪ ದಿನ ಅಳುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಆ ಸುಮ್ಮನಿರುವುದನ್ನು ನಾವು "ಭಾಳ ಶಾಣ್ಯಾ ಕೂಸು, ಅಳೋದೇ ಇಲ್ಲ" ಅಂತ ಹೊಗಳುತ್ತೇವೆ.

ನಮ್ಮ ಆಯಿ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಒಂದು ಕೂಸು ಇದ್ದೇ ಇರುತ್ತಿತ್ತು. ನಾನೋ, ನನ್ನ ತಮ್ಮನೋ, ಪಕ್ಕದ ಮನೆಯದೋ. ಪರಾತದಲ್ಲಿ ನಾದಿದ ಜೋಳದ ಹಿಟ್ಟಿನಿಂದ ನಿಂಬೆಹಣ್ಣಿನಷ್ಟು ಮುರಿದು ಕೂಸಿನ ಕೈಗೆ ಕೊಡುತ್ತಿದ್ದಳು. ಅದು ತಟ್ಟುತ್ತಿತ್ತು, ಇವಳೂ ತಟ್ಟುತ್ತಿದ್ದಳು. "ಇದು ಅಪ್ಪಂದು, ಇದು ಕಾಕಾಂದು, ಇದು ನಿಂದು" ಅಂತ ಒಂದೊಂದೇ ರೊಟ್ಟಿಯನ್ನು ಹಂಚಿಗೆ ಹಾಕುತ್ತಾ ಲೆಕ್ಕ ಹೇಳುತ್ತಿದ್ದಳು. ಕೂಸಿನ ಮುದ್ದೆಯನ್ನೂ ಕಡೆಗೆ ಹಂಚಿನ ಮೂಲೆಯಲ್ಲಿ ಸುಟ್ಟು ಕೊಡುತ್ತಿದ್ದಳು. ಕಿಂಗ್‌ಸ್ಟನ್ನಿನಲ್ಲಿ ವಾರಕ್ಕೊಂದು ಗಂಟೆ ಕಲಿಸಿದ್ದು ಇದನ್ನೇ. ಆದರೆ ಆಯಿಯ ಪಕ್ಕದಲ್ಲಿ ನೀರು ತರೋಕೆ ಒಬ್ಬರು, ದನ ನೋಡೋಕೆ ಇನ್ನೊಬ್ಬರು ಇದ್ದರು ಅನ್ನೋದನ್ನು ಮರೆತು, ಈಗಿನ ತಾಯಂದಿರಿಗೆ ಇದೆಲ್ಲ ಗೊತ್ತಿಲ್ಲ ಅಂತ ಬೈಯುವುದು ಅನ್ಯಾಯ. ಈಗ ಹತ್ತಿ ಬಿಡಿಸುವ ಕಾಲ ಬಂದರೆ ತಾಯಿ ಬೆಳಕು ಹರಿಯುವ ಮೊದಲೇ ಟಂಟಂ ಗಾಡಿ ಹತ್ತಬೇಕು. ಕೂಸು ಜೊತೆಗೆ ಹೋದರೆ ಬದುವಿನ ಬೇವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಇರುತ್ತದೆ. ಕಾಯುವುದಕ್ಕೆ ಆರು ವರ್ಷದ ಅಕ್ಕ. ಅವಳೂ ಶಾಲೆ ಬಿಟ್ಟು ಬಂದವಳು.

ಹಾಗಾಗಿ ಸಣ್ಣ ಮಕ್ಕಳ ಮನಸ್ಸಿನ ಆರೋಗ್ಯ ಅಂದಾಗ ನಾನು ಮೊದಲು ಕೇಳುವುದು ತಾಯಿಯ ಬಗ್ಗೆ. ಇದು ನನ್ನೊಬ್ಬನ ಮಾತಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಬೆಳವಣಿಗೆಯ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ ತಾಯಿಯ ಮನಸ್ಸಿನ ಆರೋಗ್ಯಕ್ಕೆ ಬೆಂಬಲ ಕೊಡುವುದೂ ಒಂದು ಮುಖ್ಯ ಶಿಫಾರಸು. ಅದರ ಹಿಂದೆ ಇರುವ ಕೆಲಸಗಳಲ್ಲಿ ನಮಗೆ ಹತ್ತಿರದ್ದು ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳದ್ದು. ಮನೋವೈದ್ಯ ಆತಿಫ್ ರೆಹಮಾನ್ ಮತ್ತು ಜೊತೆಗಾರರು ಅಲ್ಲಿನ 'ಲೇಡಿ ಹೆಲ್ತ್ ವರ್ಕರ್'ಗಳಿಗೆ, ಅಂದರೆ ಅಲ್ಲಿನ ಆಶಾಗಳಿಗೆ, ಖಿನ್ನತೆಯಲ್ಲಿದ್ದ ಬಸುರಿಯರ ಜೊತೆ ಹೇಗೆ ಮಾತಾಡಬೇಕು ಅಂತ ಕಲಿಸಿದರು. ಅವರು ಮನೆಗೆ ಹೋಗಿ ಕೂತು, 'ನಿನ್ನ ಆರೋಗ್ಯ, ಕೂಸಿನ ಜೊತೆಗಿನ ನಂಟು, ಸುತ್ತಲಿನವರ ಜೊತೆಗಿನ ನಂಟು' ಈ ಮೂರರ ಬಗ್ಗೆ ಮಾತಾಡಿದರು. ಮನೆಯ ಗಂಡಸರನ್ನೂ ಅತ್ತೆಯನ್ನೂ ಜೊತೆಗೆ ಕರೆದುಕೊಂಡರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆರಿಗೆಯಾಗಿ ಆರು ತಿಂಗಳಿಗೆ, ಈ ಮಾತುಕತೆ ಸಿಕ್ಕ ತಾಯಂದಿರಲ್ಲಿ ಶೇ 23ರಷ್ಟು ಮಂದಿಗೆ ಖಿನ್ನತೆ ಉಳಿದಿತ್ತು. ಸಿಗದವರಲ್ಲಿ ಶೇ 53. ಆ ಮನೆಗಳ ಮಕ್ಕಳಿಗೆ ಬೇಧಿ ಕಡಿಮೆಯಾಗಿತ್ತು, ಲಸಿಕೆ ಜಾಸ್ತಿ ಬಿದ್ದಿತ್ತು. ಅಪ್ಪ ಅಮ್ಮ ಇಬ್ಬರೂ ಕೂಸಿನ ಜೊತೆ ಹೆಚ್ಚು ಆಡುತ್ತಿದ್ದರು.

ನಮ್ಮಲ್ಲಿ ಖಿನ್ನತೆಗೆ ಆ ಹೆಸರಿಲ್ಲ. "ಹೆರಿಗಿ ಆದಾಗಿಂದ ಮನಸಿಗೆ ಹಚ್ಕೊಂಡಾಳ" ಅನ್ನುತ್ತಾರೆ. "ಗಾಳಿ ಸೋಂಕ್ಯಾದ" ಅನ್ನುತ್ತಾರೆ. ಕೂಸಿಗೆ ಹಾಲು ಕೊಡೋಕೆ ಬೇಜಾರು ಮಾಡಿಕೊಂಡರೆ ಸೋಮಾರಿ ಅನ್ನುತ್ತಾರೆ. ರಾಜ್ಯದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬರಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದೆ ಅಂತ ಅದೇ ಸಮೀಕ್ಷೆ ಹೇಳುತ್ತದೆ. ಹದಿನೇಳರ ಹುಡುಗಿ, ಗಂಡ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ, ಮಡಿಲಲ್ಲಿ ಕೂಸು. ಅವಳನ್ನು "ಕೂಸಿನ ತೂಕ ಎಷ್ಟು" ಅಂತ ಕೇಳುವವರು ತಿಂಗಳಿಗೆ ಒಬ್ಬರಾದರೂ ಇದ್ದಾರೆ. "ನೀ ಹ್ಯಾಂಗ ಅದೀಯವ್ವಾ" ಅಂತ ಕೇಳುವುದು ಯಾರ ಕೆಲಸದ ಪಟ್ಟಿಯಲ್ಲೂ ಇಲ್ಲ.

ಗುಳೆಯ ವಿಷಯವನ್ನೂ ಇಲ್ಲೇ ಹೇಳಬೇಕು. ದಸರಾ ದೀಪಾವಳಿ ಕಳೆದ ಮೇಲೆ ತಾಂಡಾಗಳಿಂದ, ಹಳ್ಳಿಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಜನ ಹೋಗುತ್ತಾರೆ. ಕೆಲವರು ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಈ ಶತಮಾನದ ಶುರುವಿನಲ್ಲಿ ಅನಾಥಾಲಯದ 136 ಮಕ್ಕಳ ಮೇಲೆ ನಡೆದ ಅಧ್ಯಯನವನ್ನು ಕೆಲವರು ಇಂಥ ಕಡೆ ಎತ್ತುತ್ತಾರೆ. ಅಲ್ಲಿ ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು. ಅವರು ಅನಾಥಾಲಯದಲ್ಲೇ ಉಳಿದವರಿಗಿಂತ ಚೆನ್ನಾಗಿ ಬೆಳೆದರು, ಅದರಲ್ಲೂ ಎರಡು ವರ್ಷದೊಳಗೇ ಮನೆ ಸೇರಿದವರು ಇನ್ನೂ ಚೆನ್ನಾಗಿ. ಅಜ್ಜಿಯ ಮನೆ ಅನಾಥಾಲಯ ಅಲ್ಲ, ಅದಕ್ಕೆ ಹೋಲಿಸುವುದು ಸರಿಯಲ್ಲ. ಆದರೆ ಆ ಅಧ್ಯಯನದಿಂದ ಒಂದು ಮಾತು ನಮಗೂ ಸಲ್ಲುತ್ತದೆ. ಮಗುವಿಗೆ ತನ್ನದು ಅನ್ನುವ ಒಂದು ಮುಖ ಬೇಕು. ಅದು ಅಜ್ಜಿಯದ್ದಾದರೂ ಸರಿ, ಅವಳಿಗೆ ಕೂಸನ್ನು ಎತ್ತಿಕೊಳ್ಳುವಷ್ಟು ಕಸುವು ಇರಬೇಕು, ದಿನದಲ್ಲಿ ಒಂದಿಷ್ಟು ಹೊತ್ತು ಬಿಡುವು ಇರಬೇಕು.

ಕಾಗದದ ಮೇಲೆ ನಾವು ಹಿಂದೆ ಬಿದ್ದಿಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ವಿಶ್ವಬ್ಯಾಂಕ್ ಸೇರಿ ಸಣ್ಣ ಮಕ್ಕಳ ಪಾಲನೆಗೆ ಐದು ವಿಷಯ ಮುಖ್ಯ ಅಂದವು: ಆರೋಗ್ಯ, ಆಹಾರ, ಮಗುವಿನ ಸನ್ನೆಗೆ ಸ್ಪಂದಿಸುವ ಆರೈಕೆ, ಸುರಕ್ಷತೆ, ಕಲಿಯುವ ಅವಕಾಶ. 2024ರಲ್ಲಿ ಕೇಂದ್ರ ಸರ್ಕಾರ ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗಾಗಿ 'ನವಚೇತನ' ಅನ್ನುವ ಚೌಕಟ್ಟು ತಂದಿತು. ಅದರಲ್ಲಿ ತಿಂಗಳು ತಿಂಗಳಿಗೂ ಮಾಡಿಸಬೇಕಾದ 140 ಆಟಗಳಿವೆ. ಆಶಾ ಕಾರ್ಯಕರ್ತೆ ಮೂರನೇ ತಿಂಗಳಿನಿಂದ ಹದಿನೈದನೇ ತಿಂಗಳವರೆಗೆ ಐದು ಸಲ ಕೂಸಿನ ಮನೆಗೆ ಹೋಗಬೇಕು ಅಂತಲೂ ನಿಯಮ ಇದೆ. ನಮ್ಮ ರಾಜ್ಯದ್ದೇ ಆದ 'ಕೂಸಿನ ಮನೆ' ಇದೆ. 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಅಂತ ಘೋಷಿಸಿದ್ದು, ಮುಖ್ಯವಾಗಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗೆ. ಹೆಸರೇ ಎಷ್ಟು ಚೆಂದ! ನನ್ನ ಮಟ್ಟಿಗೆ ಈ ಭಾಗಕ್ಕೆ ಎಲ್‌ಕೆಜಿಗಿಂತ ಜರೂರಾಗಿ ಬೇಕಾದದ್ದು ಇದೇ. ಹತ್ತಿ ಬಿಡಿಸುವ, ತೊಗರಿ ರಾಶಿ ಮಾಡುವ ತಿಂಗಳುಗಳಲ್ಲಿ ಅದು ಹೊಲದ ಹೊತ್ತಿಗೆ ಬಾಗಿಲು ತೆರೆಯುವಂತಾದರೆ, ಬೇವಿನ ಗಿಡದ ಜೋಳಿಗೆಯೂ ತಪ್ಪುತ್ತದೆ, ಕೂಸು ಕಾಯುವ ಆರು ವರ್ಷದ ಅಕ್ಕನೂ ಶಾಲೆಯಲ್ಲಿ ಉಳಿಯುತ್ತಾಳೆ.

ಹಾಗಾದರೆ ತೊಡಕು ಎಲ್ಲಿ? ಕೈಗಳಲ್ಲಿ. ಒಂದು ಅಂಗನವಾಡಿಯಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಅಡುಗೆ, ತೂಕ, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಾಖಲೆ, ಲಸಿಕೆ ದಿನ ಮನೆಮನೆಗೆ ಹೋಗಿ ಕರೆಯುವುದು, ಸಾಲದ್ದಕ್ಕೆ ಸಮೀಕ್ಷೆ, ಮತದಾರರ ಪಟ್ಟಿ. ಇವೆಲ್ಲದರ ನಡುವೆ ಅಕ್ಕೋರು ಮನೆಗೆ ಬಂದು ಒಂದು ಗಂಟೆ ಕೂತು ಬಾಟಲಿ ಉರುಳಿಸಬೇಕು ಅಂದರೆ ಆಗುತ್ತದಾ?

ಇದಕ್ಕೆ ಪಕ್ಕದ ತಮಿಳುನಾಡಿನಲ್ಲಿ ಒಂದು ಉತ್ತರ ಸಿಕ್ಕಿದೆ. ಅಲ್ಲಿ 320 ಅಂಗನವಾಡಿಗಳನ್ನು ತೆಗೆದುಕೊಂಡು, ಅರ್ಧದಷ್ಟಕ್ಕೆ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟು ನೋಡಿದರು. ಕಲಿಕೆಗೆ ಸಿಗುವ ಹೊತ್ತು ಎರಡು ಪಟ್ಟಾಯಿತು. ಒಂದೂವರೆ ವರ್ಷದಲ್ಲಿ ಮಕ್ಕಳ ಲೆಕ್ಕ, ಭಾಷೆ ಎರಡೂ ಸುಧಾರಿಸಿದವು. ಅದರ ಜೊತೆಗೆ ಮಕ್ಕಳ ಕುಂಠಿತ ಬೆಳವಣಿಗೆ, ತೀವ್ರ ಅಪೌಷ್ಟಿಕತೆಯೂ ಕಡಿಮೆಯಾಯಿತು. ಕಾರಣ ಸರಳ. ಹೊಸಬಳು ಮಕ್ಕಳಿಗೆ ಕಲಿಸುವಾಗ ಹಳಬಳಿಗೆ ಆಹಾರ, ಆರೋಗ್ಯದ ಕೆಲಸದ ಕಡೆ ನೋಡಲು ಹೊತ್ತು ಸಿಕ್ಕಿತು. ನಮ್ಮ ಭಾಗದ ಅಭಿವೃದ್ಧಿ ಮಂಡಳಿಯ ದುಡ್ಡು ಕಟ್ಟಡಕ್ಕೆ, ರಸ್ತೆಗೆ ಹೋಗುವುದನ್ನು ನೋಡಿದಾಗೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ. ಯಾದಗಿರಿಯ ಪ್ರತಿ ಅಂಗನವಾಡಿಗೂ ಅದೇ ಊರಿನ, ಪಿಯುಸಿ ಓದಿದ ಇನ್ನೊಬ್ಬ ಹೆಣ್ಣುಮಗಳು ಅರ್ಧ ದಿನ ಬಂದರೆ, ಎಲ್‌ಕೆಜಿ ಜಗಳದ ಅರ್ಧ ಭಾಗ ತಾನಾಗಿ ಬಗೆಹರಿಯುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಕಿಂಗ್‌ಸ್ಟನ್ನಿನ ಮಾದರಿಯನ್ನು ಕೊಲಂಬಿಯಾದ 96 ಊರುಗಳಲ್ಲಿ ಮಾಡಿದಾಗ ಫಲ ಸಿಕ್ಕಿತು, ಆದರೆ ಎರಡು ವರ್ಷ ಬಿಟ್ಟು ನೋಡಿದಾಗ ಅದು ಉಳಿದಿರಲಿಲ್ಲ. ದೊಡ್ಡದು ಮಾಡಿದಾಗ ತರಬೇತಿ ತೆಳುವಾಗುತ್ತದೆ, ಮೇಲ್ವಿಚಾರಣೆ ಸಡಿಲವಾಗುತ್ತದೆ. ಆದ್ದರಿಂದ 140 ಆಟಗಳ ಪುಸ್ತಕ ಹಂಚಿ ಒಂದು ದಿನದ ತರಬೇತಿ ಮುಗಿಸಿದರೆ ಕೆಲಸ ಆಯಿತು ಅಂತ ನಂಬಬಾರದು. ಇದರ ಜೊತೆಗೆ ಒಡಿಶಾದ ಹಳ್ಳಿಗಳಿಂದ ಒಳ್ಳೆಯ ಸುದ್ದಿಯೂ ಇದೆ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೆಮನೆಗೆ ಹೋಗುವುದರ ಬದಲು ತಾಯಂದಿರು, ಕೂಸುಗಳನ್ನು ಒಂದು ಕಡೆ ಸೇರಿಸಿ ಆಡಿಸಿದಾಗಲೂ ಮಕ್ಕಳ ಬುದ್ಧಿ ಬೆಳವಣಿಗೆಯಲ್ಲಿ ಅಷ್ಟೇ ಲಾಭ ಕಂಡಿತು. ಖರ್ಚು ಮಾತ್ರ ಬಹಳ ಕಡಿಮೆ. ನಮ್ಮಂಥ ಊರುಗಳಿಗೆ ಇದೇ ಒಪ್ಪುವ ದಾರಿ. ನಾಲ್ಕು ಜನ ತಾಯಂದಿರು ಒಟ್ಟಿಗೆ ಕೂತರೆ ಒಬ್ಬರ ಸಂಕಟ ಇನ್ನೊಬ್ಬರಿಗೆ ತಿಳಿಯುತ್ತದೆ, ಅಲ್ವಾ?

ಕಾಯಿಲೆಯ ಹಂತಕ್ಕೆ ಹೋದವರ ವಿಷಯ ಬೇರೆ. ಮಾನಸಿಕ ತೊಂದರೆ ಇರುವ ಮೂವರಲ್ಲಿ ಒಬ್ಬರಿಗೆ ಅದು ಹದಿನಾಲ್ಕರೊಳಗೇ ಶುರುವಾಗುತ್ತದೆ, ಅರ್ಧದಷ್ಟು ಮಂದಿಗೆ ಹದಿನೆಂಟರೊಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆ ನೋಡಬಹುದು ಅಂತ ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಈಗ ಟೆಲಿ ಮಾನಸ್ ಇದೆ, 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಒಂದೂವರೆ ವರ್ಷವಾದರೂ ಕೂಸು ಒಂದು ಪದ ಆಡದಿದ್ದರೆ, ಹೆಸರು ಕರೆದರೆ ತಿರುಗಿ ನೋಡದಿದ್ದರೆ, "ಅವರ ಅಪ್ಪನೂ ತಡ ಆಗಿ ಮಾತಾಡಿದ್ದ" ಅಂತ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸುವ ವ್ಯವಸ್ಥೆಯನ್ನು 2013ರಿಂದ ಜಿಲ್ಲಾ ಆಸ್ಪತ್ರೆಗಳಿಗೆ ಜೋಡಿಸಿದ್ದಾರೆ. ಅಂಗನವಾಡಿಗೆ ತಪಾಸಣೆಗೆ ಬರುವ ಡಾಕ್ಟರ್ ತಂಡವನ್ನು ಕೇಳಿದರೆ ದಾರಿ ಹೇಳುತ್ತಾರೆ. ಫೋನು ಕೈಗೆ ಕೊಟ್ಟರೆ ಮಾತು ಬರುತ್ತದೆ ಅನ್ನೋದು ಸುಳ್ಳು. ಎರಡು ವರ್ಷದೊಳಗೆ ಪರದೆಯೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ.

ಕಡೆಗೆ ನನ್ನ ಒಂದು ಸಲಹೆ. ಮೂರು ವರ್ಷದೊಳಗಿನ ಕೂಸು, ಅದರ ತಾಯಿ, ಅಂಗನವಾಡಿ ಅಕ್ಕೋರು, ಈ ಮೂವರೂ ಎದುರುಬದುರಾಗುವ ದಿನ ತಿಂಗಳಲ್ಲಿ ಒಂದಾದರೂ ಇದೆ. ಮನೆಗೆ ಒಯ್ಯುವ ರೇಷನ್ ಕೊಡುವ ದಿನ. 2025ರ ಜುಲೈನಿಂದ ಅದಕ್ಕೆ ತಾಯಿಯ ಮುಖವನ್ನು ಫೋನಿನಲ್ಲಿ ಗುರುತು ಹಿಡಿಯಬೇಕು. ನೆಟ್‌ವರ್ಕ್ ಸಿಗದೆ ಅಕ್ಕೋರು ಬಾಗಿಲಿನಿಂದ ಅಂಗಳಕ್ಕೆ, ಅಂಗಳದಿಂದ ರಸ್ತೆಗೆ ಓಡಾಡುತ್ತಾರೆ. ತಾಯಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಹಿಂದೆ ಹೋಗುತ್ತಾಳೆ. ಹೆಸರು ಬಂದ ಕೂಡಲೇ ಪುಷ್ಟಿ ಪೊಟ್ಟಣ ಕೊಟ್ಟು ಮುಂದಿನವರನ್ನು ಕರೆಯುತ್ತಾರೆ. ಅವತ್ತು ಅಂಗನವಾಡಿಯ ಅಡುಗೆಮನೆಯಿಂದ ಸೇರು, ಪಾವು, ಸ್ಟೀಲಿನ ಲೋಟ ತಂದು ನಡುಮನೆಯಲ್ಲಿ ಒಂದು ಚಾಪೆ ಹಾಸಲಿ. ಎಂಟು ಹತ್ತು ತಾಯಂದಿರು ಅರ್ಧ ಗಂಟೆ ಕೂರಲಿ. ಫೋನಿನ ಕೆಲಸವನ್ನು ಆ ಅರ್ಧ ದಿನದ ಎರಡನೆಯ ಹೆಣ್ಣುಮಗಳು ನೋಡಿಕೊಳ್ಳಲಿ. ಅಕ್ಕೋರು ಚಾಪೆಯ ಮೇಲೆ ಕೂತು ಮೊದಲು ತಾಯಂದಿರನ್ನು ಒಬ್ಬೊಬ್ಬರನ್ನಾಗಿ "ಹ್ಯಾಂಗ ಅದೀಯವ್ವಾ" ಅಂತ ಕೇಳಲಿ. ಅಷ್ಟರೊಳಗೆ ಕೂಸುಗಳು ಪಾವನ್ನು ಸೇರಿನೊಳಗೆ ಹಾಕಿ ತೆಗೆಯೋಕೆ ಶುರು ಮಾಡಿರುತ್ತವೆ.